ಚಿತ್ರದೊಳಗಿನ ಹೆಣ್ಣು

ಕಾವ್ಯದೋಷಗಳನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ತುಸು ಚುರುಕಾಗುವ ಘಟ್ಟವೊಂದು ಬರುತ್ತದೆ, ಅದು ಅಶ್ಲೀಲದೋಷದ್ದು. ನಮ್ಮ ಆಲಂಕಾರಿಕರು ಅದನ್ನು ಮೂರಾಗಿ ವಿಂಗಡಿಸಿದರು: ಕೇಳಿದವನಿಗೆ ನಾಚಿಕೆ ತರುವುದು ಒಂದು, ಹೇಸಿಗೆ ತರುವುದು ಇನ್ನೊಂದು, ಅಮಂಗಳವನ್ನು ನೆನಪಿಗೆ ತರುವುದು ಮತ್ತೊಂದು. ವಿಂಗಡಣೆ ಸೊಗಸಾಗಿದೆ. ಆದರೆ ಮೂರರಲ್ಲಿಯೂ ಶಾಸ್ತ್ರಕಾರನು ಮುಖ ನೋಡುವುದು ಒಬ್ಬನದೇ: ಕೇಳುವ ಸಹೃದಯನದು. ಮಾತು ಯಾರನ್ನು ಕುರಿತದ್ದೋ ಆ ವ್ಯಕ್ತಿಗೆ ಏನಾಯಿತೆಂಬ ಪ್ರಶ್ನೆ ಅಲ್ಲಿಲ್ಲ. ಕಾವ್ಯದಲ್ಲಿ ಅದು ಇರಬೇಕಾಗಿಯೂ ಇಲ್ಲ. ಕವಿ ಶಕುಂತಲೆಯನ್ನು ಎಷ್ಟು ವರ್ಣಿಸಿದರೂ ನೋಯುವ ಶಕುಂತಲೆಯೊಬ್ಬಳು ಹೊರಗೆ ನಿಂತಿರುವುದಿಲ್ಲವಷ್ಟೆ.

‘ಪೋರ್ನೋಗ್ರಫಿ’ ಎಂಬ ಶಬ್ದದ ಹುಟ್ಟು ಬೇರೆ. ಗ್ರೀಕಿನಲ್ಲಿ ‘ಪೋರ್ನೆ’ ಎಂದರೆ ಮಾರಾಟಕ್ಕಿಟ್ಟ ಹೆಣ್ಣು, ಅದರಲ್ಲಿಯೂ ಕೀಳು ಅಂತಸ್ತಿನವಳು. ಅವಳನ್ನು ಕುರಿತ ಬರಹ ಪೋರ್ನೋಗ್ರಫಿ. ನಮ್ಮ ಶಬ್ದ ನೋಡುವವನ ಮನಸ್ಸನ್ನು ಹೇಳಿದರೆ, ಗ್ರೀಕರ ಶಬ್ದ ನೋಟಕ್ಕೆ ಗುರಿಯಾದವಳ ಸ್ಥಿತಿಯನ್ನು ಹೇಳುತ್ತದೆ. ಅಮೆರಿಕದ ಲೇಖಕಿ ಆಂಡ್ರಿಯಾ ಡ್ವರ್ಕಿನ್ 1981ರ ತಮ್ಮ ಗ್ರಂಥದಲ್ಲಿ ಈ ವ್ಯುತ್ಪತ್ತಿಯನ್ನು ಮುಂದಿಟ್ಟು ವಾದಿಸಿದರು. ಅವರ ವಾದವನ್ನು ಒಪ್ಪದವರು ಕೂಡ ಈ ಎರಡು ಶಬ್ದಗಳ ಅಂತರವನ್ನು ಒಂದು ಕ್ಷಣ ಯೋಚಿಸುವುದು ಒಳ್ಳೆಯದೆಂದು ನನ್ನ ಎಣಿಕೆ.

ನ್ಯಾಯಾಲಯಗಳು ಬಹುಕಾಲ ನಡೆದದ್ದು ಆಲಂಕಾರಿಕರ ಹಾದಿಯಲ್ಲಿಯೇ. ಇಂಗ್ಲೆಂಡಿನ 1868ರ ಹಿಕ್ಲಿನ್ ತೀರ್ಪು ಕೇಳಿದ್ದು ಇಷ್ಟು: ಈ ಬರಹ ಯಾರ ಕೈಗೆ ಬೀಳಬಹುದೋ ಅವರ ಮನಸ್ಸು ಕೆಡುತ್ತದೆಯೆ? ಲಾರೆನ್ಸನ ‘ಲೇಡಿ ಚಾಟರ್ಲಿಯ ಪ್ರಿಯಕರ’ ಕಾದಂಬರಿಯನ್ನು ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಎತ್ತಿಹಿಡಿದಾಗಲೂ ಕೈಯಲ್ಲಿದ್ದ ಅಳತೆಗೋಲು ಅದೇ. 2014ರಲ್ಲಿ ನ್ಯಾಯಾಲಯ ಆ ಕೋಲನ್ನು ಬದಿಗಿಟ್ಟು ಸಮಕಾಲೀನ ಸಮಾಜದ ಮಟ್ಟವನ್ನು ಆಧಾರವಾಗಿ ಹಿಡಿಯಿತು. ಕೋಲು ಬದಲಾಯಿತು, ಅಳೆಯುತ್ತಿದ್ದದ್ದು ಮಾತ್ರ ನೋಡುವವರ ಮನಸ್ಸನ್ನೇ. ನ್ಯಾಯಾಲಯದ ಮಾತೇಕೆ? 2012ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ಅಂಥ ಚಿತ್ರ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಆ ದಿನಗಳಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಸದನದ ಗೌರವದ ಮಾತು. ಆ ಚಿತ್ರದೊಳಗೆ ಇದ್ದವಳು ಯಾರು, ಯಾವ ಸ್ಥಿತಿಯಲ್ಲಿ ಅಲ್ಲಿಗೆ ಬಂದಳು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಆ ಪ್ರಶ್ನೆಯನ್ನು ಕಾನೂನಿನ ಭಾಷೆಯಲ್ಲಿ ಕೇಳಿದ್ದು 1983ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಡ್ವರ್ಕಿನ್ ಮತ್ತು ಕ್ಯಾಥರೀನ್ ಮ್ಯಾಕಿನನ್ ಆಗ ಮಿನೆಸೋಟ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಲ್ಲಿ ಜೊತೆಯಾಗಿ ಪಾಠ ಹೇಳುತ್ತಿದ್ದರು. ಇಂಥ ಚಿತ್ರಗಳ ಅಂಗಡಿ ನಮ್ಮ ಬೀದಿಯಲ್ಲಿ ಬೇಡವೆಂದು ಅಲ್ಲಿಯ ನಿವಾಸಿಗಳು ತಕರಾರು ಎತ್ತಿದ್ದರು. ಈ ಇಬ್ಬರು ಹೇಳಿದ್ದು, ಅಂಗಡಿ ಯಾವ ಬೀದಿಯಲ್ಲಿರಬೇಕೆಂಬುದು ಪ್ರಶ್ನೆಯೇ ಅಲ್ಲವೆಂದು. ನಗರಸಭೆಗಾಗಿ ಅವರು ರಚಿಸಿದ ಶಾಸನದಲ್ಲಿ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಹಾನಿಗೊಳಗಾದ ಹೆಣ್ಣು ತಾನೇ ಸಿವಿಲ್ ದಾವೆ ಹೂಡಬಹುದು. ಬಲಾತ್ಕಾರದಿಂದ ಅಂಥ ಚಿತ್ರದಲ್ಲಿ ತೊಡಗಿಸಿದ್ದಕ್ಕೆ, ಅದನ್ನು ಬಲವಂತವಾಗಿ ತೋರಿಸಿದ್ದಕ್ಕೆ, ಅದರಿಂದ ಪ್ರೇರಿತವಾದ ಹಲ್ಲೆಗೆ, ಕೊನೆಯದಾಗಿ ಅದರ ವ್ಯಾಪಾರಕ್ಕೆ. ಹೆಣ್ಣಿನ ಅಧೀನತೆಯನ್ನು ಲೈಂಗಿಕವಾಗಿ ಬಿಡಿಸಿ ತೋರಿಸುವುದು ನೀತಿಗೇಡಲ್ಲ, ಸಮಾನತೆಯ ಹಕ್ಕಿನ ಭಂಗ. ಇದು ಅದರ ತಿರುಳು.

ಡಿಸೆಂಬರಿನಲ್ಲಿ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಸಾಕ್ಷಿ ನುಡಿದವರಲ್ಲಿ ಲಿಂಡಾ ಮಾರ್ಕಿಯಾನೊ ಒಬ್ಬರು. 1972ರಲ್ಲಿ ತೆರೆಕಂಡು ಅಪಾರ ಹಣ ತಂದ ‘ಡೀಪ್ ಥ್ರೋಟ್’ ಚಿತ್ರದಲ್ಲಿ ಲಿಂಡಾ ಲವ್‌ಲೇಸ್ ಎಂಬ ಹೆಸರಿನಿಂದ ಕಾಣಿಸಿಕೊಂಡವರು ಈಕೆ. ಆಗಿನ ಗಂಡ ತಮ್ಮನ್ನು ಹೊಡೆದು, ಬಂದೂಕು ತೋರಿಸಿ ಅದನ್ನೆಲ್ಲ ಮಾಡಿಸಿದನೆಂದು 1980ರ ಆತ್ಮಕಥೆಯಲ್ಲಿ ಬರೆದಿದ್ದರು. ತೆರೆಯ ಮೇಲೆ ನಕ್ಕಿದ್ದು ಹೌದು. ನಗೆಯೂ ಆಜ್ಞೆಯಿಂದ ಬಂದದ್ದು. ಆ ಚಿತ್ರವನ್ನು ನೋಡುವ ಪ್ರತಿಯೊಬ್ಬನೂ ನೋಡುತ್ತಿರುವುದು ತಮ್ಮ ಮೇಲಿನ ಅತ್ಯಾಚಾರವನ್ನು ಎಂಬುದು ಅವರ ಮಾತಿನ ಸಾರ. ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಳೆಯ ಅಶ್ಲೀಲತೆಯ ಕಾನೂನಿನಲ್ಲಿ ಈ ಸಾಕ್ಷ್ಯಕ್ಕೆ ಸ್ಥಳವೇ ಇಲ್ಲ. ಚಿತ್ರ ಪ್ರೇಕ್ಷಕನನ್ನು ಕೆಡಿಸುತ್ತದೆಯೆ ಎಂದು ಕೇಳುವ ನ್ಯಾಯಾಧೀಶನ ಮುಂದೆ ಆಕೆಯ ಮೈಮೇಲಿನ ಬಾಸುಂಡೆ ಯಾವುದಕ್ಕೂ ಪುರಾವೆಯಾಗದು. ಆಕೆ ಹೊಡೆತ ತಿನ್ನದೆ ನಟಿಸಿದ್ದರೂ ತೀರ್ಪು ಅದೇ ಆಗುತ್ತಿತ್ತು.

ನಗರಸಭೆ ಶಾಸನಕ್ಕೆ ಒಪ್ಪಿಗೆ ಕೊಟ್ಟಿತು, ಮೇಯರು ತಡೆದರು. 1984ರಲ್ಲಿ ಇಂಡಿಯಾನಾಪೊಲಿಸ್ ನಗರ ಅಂಥದೇ ಶಾಸನ ಮಾಡಿತು. ಅದು ಮೇಲ್ಮನವಿ ನ್ಯಾಯಾಲಯದಲ್ಲಿ 1985ರಲ್ಲಿ ಬಿದ್ದುಹೋಯಿತು. ಮರುವರ್ಷ ಸುಪ್ರೀಂ ಕೋರ್ಟು ವಾದವನ್ನೇ ಕೇಳದೆ ಆ ತೀರ್ಪನ್ನು ಖಾಯಂ ಮಾಡಿತು. ನ್ಯಾಯಮೂರ್ತಿ ಈಸ್ಟರ್‌ಬ್ರೂಕರ ತೀರ್ಪು ಓದಿ ನೋಡುವಂಥದು. ಇಂಥ ಚಿತ್ರಣ ಹೆಣ್ಣಿನ ಕೀಳು ಸ್ಥಾನವನ್ನು ಉಳಿಸುತ್ತದೆ, ಅದರಿಂದ ಅವಮಾನವೂ ಹಲ್ಲೆಯೂ ಹುಟ್ಟುತ್ತವೆ ಎಂಬ ಆಧಾರವನ್ನು ಅವರು ಅಂಗೀಕರಿಸಿಯೇ ಮುಂದುವರಿಯುತ್ತಾರೆ. ಆದರೆ ಅದು ತೋರಿಸುವುದು ಮಾತಿಗಿರುವ ಶಕ್ತಿಯನ್ನು ಮಾತ್ರ, ಮಾತಾದ್ದರಿಂದ ಅದಕ್ಕೆ ರಕ್ಷಣೆಯುಂಟು ಎನ್ನುತ್ತಾರೆ. ವಿಷವೆಂದು ಒಪ್ಪಿಕೊಂಡ ಮೇಲೂ ಶೀಶೆಯನ್ನು ಕಪಾಟಿನಲ್ಲಿ ಭದ್ರವಾಗಿಡುವ ಈ ತರ್ಕ ನನಗೆ ವಿಚಿತ್ರವೆನಿಸುತ್ತದೆ.

ಮಾತಿಗೆ ಮಾತೇ ಮದ್ದು ಎಂಬುದು ಆ ದೇಶದವರ ಹಳೆಯ ನಂಬಿಕೆ. ತತ್ತ್ವಶಾಸ್ತ್ರಜ್ಞೆ ರೇ ಲ್ಯಾಂಗ್ಟನ್ 1993ರ ಪ್ರಬಂಧವೊಂದರಲ್ಲಿ ಇದಕ್ಕೆ ಗಟ್ಟಿಯಾದ ಆಕ್ಷೇಪವನ್ನೊಡ್ಡಿದರು. ಮಾತೆಂದರೆ ಬರಿಯ ಸದ್ದಲ್ಲ, ಅದೊಂದು ಕ್ರಿಯೆ; ಕೇಳುವವನು ಅದನ್ನು ಆ ಕ್ರಿಯೆಯಾಗಿ ಗುರುತಿಸಿದರೆ ಮಾತ್ರ ಅದು ಸಲ್ಲುತ್ತದೆ. ಹೆಣ್ಣಿನ ‘ಬೇಡ’ ಎಂಬುದು ಆಟದ ಒಂದು ಭಾಗವೆಂದೇ ಸಾವಿರ ಸಲ ತೋರಿಸಿದ ಚಿತ್ರವನ್ನು ನೋಡಿ ಬೆಳೆದವನಿಗೆ ಅವಳ ‘ಬೇಡ’ ನಿರಾಕರಣೆಯಾಗಿ ಕೇಳಿಸುವುದೆ? ಮೌನ ಸಮ್ಮತಿಯ ಲಕ್ಷಣವೆಂಬುದು ನಮ್ಮಲ್ಲಿ ಹಳೆಯ ಗಾದೆ. ಇಲ್ಲಿ ‘ಬೇಡ’ ಎಂದದ್ದೂ ಸಮ್ಮತಿಯೇ ಆಗಿಬಿಡುತ್ತದೆ. ಮದ್ದಾಗಬೇಕಾದ ಮಾತನ್ನೇ ರೋಗ ತಿಂದುಹಾಕಿದ ಮೇಲೆ ಮತ್ತಷ್ಟು ಮಾತಾಡಿರೆಂದು ಹೇಳಿ ಫಲವೇನು? ಈ ಇಡೀ ವಿವಾದದಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ ವಾದವಿದು.

ಆದರೂ ಆ ಶಾಸನವನ್ನು ವಿರೋಧಿಸಿದವರಲ್ಲಿ ಸ್ತ್ರೀವಾದಿಗಳೇ ಅನೇಕರಿದ್ದರು. ನ್ಯಾಯಾಲಯಕ್ಕೆ ಸಲ್ಲಿಸಿದ ವಿರೋಧದ ಮನವಿಗೆ ಕವಯಿತ್ರಿ ಏಡ್ರಿಯನ್ ರಿಚ್, ಬೆಟ್ಟಿ ಫ್ರೀಡನ್, ಕೇಟ್ ಮಿಲೆಟ್ ಸಹಿ ಹಾಕಿದ್ದರು. ಕತ್ತಿಯ ಹಿಡಿ ಯಾರ ಕೈಯಲ್ಲಿರುತ್ತದೆಂಬುದು ಅವರ ಅಂಜಿಕೆ. ಅದು ಸುಳ್ಳು ಅಂಜಿಕೆಯೆಂದು ಕನ್ನಡ ನಾಡಿನವರು ಹೇಳುವಂತಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಬರೆದವಳು 18ನೆಯ ಶತಮಾನದ ತಂಜಾವೂರು ಆಸ್ಥಾನದ ಗಣಿಕೆ. ಬೆಳಕಿಗೆ ತಂದವರೂ ಅದೇ ಕುಲದ ವಿದುಷಿ. ಗಂಡಸರು ಬರೆದ ಶೃಂಗಾರ ಸಲ್ಲುವುದಾದರೆ ಹೆಂಗಸಿಗೆ ಮಾತ್ರ ಸಂಕೋಚದ ಕಟ್ಟೇಕೆ ಎಂದು ನಾಗರತ್ನಮ್ಮನವರು ಕೇಳಿದ್ದರು. ಬ್ರಿಟಿಷ್ ಸರ್ಕಾರ ಉತ್ತರವಾಗಿ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆಗೆದದ್ದು 1947ರಲ್ಲಿ. ಆ ಪುಸ್ತಕದಿಂದ ಯಾವ ಹೆಣ್ಣಿನ ಮೈಯೂ ನೊಂದಿರಲಿಲ್ಲ. ನೊಂದದ್ದು ಕೆಲವು ಪಂಡಿತರ ಮನಸ್ಸು. ಕೆನಡಾದ ಸುಪ್ರೀಂ ಕೋರ್ಟು 1992ರಲ್ಲಿ ಹೆಣ್ಣಿಗಾಗುವ ಹಾನಿಯನ್ನೇ ಅಳತೆಯಾಗಿ ಸ್ವೀಕರಿಸಿದ ಮೇಲೆ ನಡೆದದ್ದೂ ಇಂಥದೇ: ಆ ಕಾನೂನಿನ ಮೊದಮೊದಲ ಪೆಟ್ಟುಗಳಲ್ಲೊಂದು ಬಿದ್ದದ್ದು ಸಲಿಂಗಪ್ರೇಮಿಗಳಾದ ಹೆಂಗಸರೇ ತಮಗಾಗಿ ಹೊರಡಿಸುತ್ತಿದ್ದ ಪತ್ರಿಕೆಯನ್ನು ಮಾರಿದ ಟೊರಾಂಟೊದ ಪುಸ್ತಕದಂಗಡಿಯ ಮೇಲೆ.

ಆದ್ದರಿಂದ ಮ್ಯಾಕಿನನ್ ಶಾಸನದ ‘ಮಾತುಗಳು’ ಎಂಬ ಪದ ನನಗೆ ಸಮ್ಮತವಲ್ಲ. ಕಾವ್ಯಕ್ಕೂ ಕ್ಯಾಮರಾಕ್ಕೂ ಒಂದೇ ನ್ಯಾಯ ಸಲ್ಲದು. ಕ್ಯಾಮರಾದ ಮುಂದೆ ಒಬ್ಬ ಹೆಣ್ಣು ಜೀವಸಹಿತ ನಿಲ್ಲಲೇಬೇಕಿತ್ತು. ಬಲಾತ್ಕಾರದ ಕಲಮು ಅವಳಿಗಾಗಿ ಇದ್ದದ್ದು, ಅದನ್ನು ಬಿಟ್ಟುಕೊಡಲು ಕಾರಣ ನನಗೆ ಕಾಣದು. ನಮ್ಮ ದಂಡಸಂಹಿತೆಗೆ 2013ರಲ್ಲಿ ಸೇರಿದ ನಿಯಮವೊಂದು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಾಗಿ ಮುಂದುವರಿದದ್ದು, ಹೆಚ್ಚು ಸದ್ದಿಲ್ಲದೆ ಆ ಕಡೆಗೇ ತಿರುಗಿದೆ. ಖಾಸಗಿ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧ. ನೋಡಿದವನು ಕೆಟ್ಟನೊ ಉಳಿದನೊ ಎಂದು ಅದು ಕೇಳುವುದಿಲ್ಲ. ಅದೇ ಸಂಹಿತೆಯ 294ನೆಯ ಕಲಮು ಮಾತ್ರ ಓದುಗನ ಮನಸ್ಸು ಕೆಡುವ ಹಳೆಯ ಪ್ರಶ್ನೆಯನ್ನು ಇನ್ನೂ ಕೇಳುತ್ತಿದೆ.

ಈಗ ಕ್ಯಾಮರಾದ ಮುಂದೆ ನಿಲ್ಲದವಳ ಮುಖವನ್ನೂ ಯಂತ್ರ ಇನ್ನೊಂದು ಮೈಗೆ ಅಂಟಿಸುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥ ಕೃತಕ ಚಿತ್ರವನ್ನೂ ಒಳಗೊಂಡು, ಆ ವ್ಯಕ್ತಿ ದೂರು ಕೊಟ್ಟ 24 ಗಂಟೆಗಳೊಳಗೆ ಜಾಲತಾಣದವರು ಅದನ್ನು ತೆಗೆಯಬೇಕೆಂದು ಗೊತ್ತುಮಾಡಿದವು. ದೂರು ಕೊಡುವ ಅಧಿಕಾರ ಕೊನೆಗೂ ಚಿತ್ರದೊಳಗಿನವಳಿಗೆ ಬಂದಿತು. ಆದರೆ ಒಂದೆಡೆ ಅಳಿಸಿದ್ದು ಇನ್ನೊಂದೆಡೆ ಏಳುತ್ತದೆ. ಪ್ರತಿ ಸಲವೂ ಅರ್ಜಿ ಬರೆಯುವ ಮುನ್ನ ಆಕೆ ಅದನ್ನು ತಾನೇ ಮತ್ತೊಮ್ಮೆ ನೋಡಬೇಕು.