ಎರಡು ಸಲ ನಡೆಯುವ ಹಾಡ್ಕಿ

ಐರನ್ ಮೇಡನ್ ಎಂಬ ಲಂಡನ್ನಿನ ಹೆವಿ ಮೆಟಲ್ ಬ್ಯಾಂಡು ಕರ್ನಾಟಕಕ್ಕೆ ಮೊದಲು ಬಂದದ್ದು 2007ರ ಮಾರ್ಚ್ 17ರಂದು. ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಆ ಕಛೇರಿಯೇ ಭಾರತದಲ್ಲೂ ಅವರ ಮೊದಲನೆಯದು. 2009ರ ಫೆಬ್ರುವರಿಯಲ್ಲಿ ಅದೇ ಮೈದಾನಕ್ಕೆ ಮತ್ತೆ ಬಂದರು. ನಡುವೆ 2008ರ ಫೆಬ್ರುವರಿ 1ರಂದು ಮುಂಬೈಯ ಬಾಂದ್ರಾ-ಕುರ್ಲಾದಲ್ಲಿ ನುಡಿಸಿದರು. ನಮ್ಮ ಇಂಡಿ ತಾಲ್ಲೂಕಿನ ಅಗರಖೇಡದಿಂದ ಸೊಲ್ಲಾಪುರದ ಮೇಲೆ ಹೋದರೆ ಬೆಂಗಳೂರಿಗಿಂತ ಮುಂಬೈಯೇ ಹತ್ತಿರ. ಹತ್ತಿರವೆಂದರೂ ರಾತ್ರಿಯ ಪ್ರಯಾಣ, ಸಾವಿರಗಟ್ಟಲೆಯ ಟಿಕೆಟ್ಟು, ಉಳಿಯಲು ಒಂದು ಜಾಗ. ಭೀಮಾ ನದಿಯ ಈ ದಂಡೆಗೆ ಇಂಥ ಬ್ಯಾಂಡುಗಳು ಬರುವುದಿಲ್ಲ. ಬರುವುದು ಅವರ ವಿಡಿಯೊ.

ವಿಡಿಯೊ ನಮಗೆ ಹೊಸತೇನಲ್ಲ. ಎಂಬತ್ತರ ದಶಕದಲ್ಲಿ ಟಿ.ವಿ. ಮತ್ತು ವಿಸಿಆರನ್ನು ಬಾಡಿಗೆಗೆ ತಂದು, ಓಣಿಯ ಮಂದಿಯೆಲ್ಲ ಕೂಡಿ ರಾತ್ರಿಯಿಡೀ ಮೂರು ಸಿನಿಮಾ ನೋಡುತ್ತಿದ್ದ ಕಾಲ ನೆನಪಿರುವವರು ಇನ್ನೂ ಇದ್ದಾರೆ. ಆಮೇಲೆ ವಿಸಿಡಿ ಬಂತು, ಡಿವಿಡಿ ಬಂತು, ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವುದು ಬಂತು. ಕಾರ್ಡಿನಲ್ಲಿ ತುಂಬಿ ಬರುತ್ತಿದ್ದದ್ದು ಹೆಚ್ಚಾಗಿ ಡೊಳ್ಳಿನ ಪದ, ಭಜನೆ, ನಾಟಕದ ತುಣುಕು. ಇಂದಿಗೂ ಈ ಸೀಮೆಯಲ್ಲಿ ಹರದೇಶಿ-ನಾಗೇಶಿ ಹಾಡ್ಕಿ ನಡೆದರೆ ಮರುದಿನ ಅದರ ವಿಡಿಯೊ ಫೋನಿನಿಂದ ಫೋನಿಗೆ ಹರಿದಾಡುತ್ತದೆ. ಒಂದು ಮೇಳ ಶಿವನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು, ಬೆಳಕು ಹರಿಯುವವರೆಗೆ. ರಾಕ್ ಕಛೇರಿಯ ವಿಡಿಯೊ ಎಂದರೇನು ಎಂದು ಇಲ್ಲಿಯವರಿಗೆ ತಿಳಿಸಬೇಕಾದರೆ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆಯುವುದಿಲ್ಲ. ಅಲ್ಲಿಯೂ ಗಂಟಲು, ತಾಳ, ಎದುರಿಗೆ ಕುಳಿತ ಮಂದಿ ಎಲ್ಲ ಕೂಡಿದರೇನೇ ಹಾಡು. ಒಂದು ವ್ಯತ್ಯಾಸವಿದೆ: ರಾಕ್ ಬ್ಯಾಂಡಿನ ಹಾಡ್ಕಿ ಎರಡು ಸಲ ನಡೆಯುತ್ತದೆ. ಮೈದಾನದಲ್ಲಿ ಒಂದು ಸಲ, ತಿಂಗಳುಗಳ ಬಳಿಕ ಸಂಕಲನದ ಕೋಣೆಯಲ್ಲಿ ಇನ್ನೊಂದು ಸಲ. ನಮ್ಮ ಕೈಗೆ ಸಿಗುವುದು ಎರಡನೆಯದು.

ಆ ಎರಡನೆಯ ಸಲದ ಕಸುಬನ್ನು ಪರಿಚಯಿಸಲು ಐರನ್ ಮೇಡನ್ ಬ್ಯಾಂಡನ್ನೇ ಆಯ್ದುಕೊಳ್ಳಲು ಕಾರಣವಿದೆ. 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಬ್ಯಾಂಡು ಅದು. ಅವನು ಬೇಸ್ ಗಿಟಾರ್ ನುಡಿಸುವವನು. ಬಹುತೇಕ ಬ್ಯಾಂಡುಗಳಲ್ಲಿ ವಿಡಿಯೊ ಎಂದರೆ ಕಂಪನಿಯವರು ಕರೆಸಿದ ನಿರ್ದೇಶಕ ಬಂದು ಮಾಡಿ ಹೋಗುವ ಕೆಲಸ. ಇಲ್ಲಿ ಬ್ಯಾಂಡು ಕಟ್ಟಿದವನೇ ಸಂಕಲನದ ಮೇಜಿಗೆ ಬಂದು ಕುಳಿತ.

ಮೊದಲ ದೊಡ್ಡ ವಿಡಿಯೊದಲ್ಲಿ ಹಾಗಿರಲಿಲ್ಲ. 1985ರ ‘ಲೈವ್ ಆಫ್ಟರ್ ಡೆತ್’ ಅನ್ನು ನಿರ್ದೇಶಿಸಿದವರು ಜಿಮ್ ಯೂಕಿಚ್. 1984ರ ಆಗಸ್ಟಿನಲ್ಲಿ ಪೋಲೆಂಡಿನಲ್ಲಿ ಶುರುವಾಗಿ 331 ದಿನ ನಡೆದ, 187 ಕಛೇರಿಗಳ ಪ್ರವಾಸದ ವಿಡಿಯೊ ಅದು. ನಡುವೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಮಾರ್ಚ್ 14ರಿಂದ 17ರವರೆಗೆ ನಾಲ್ಕು ರಾತ್ರಿ ಸಾಲಾಗಿ ನುಡಿಸಿದರು, ಚಿತ್ರೀಕರಣ ಅಲ್ಲಿಯೇ. ರಂಗದ ತುಂಬ ಈಜಿಪ್ಟಿನ ಗುಡಿ, ಪಟ್ಟಿ ಸುತ್ತಿದ ಮಮ್ಮಿಯ ರೂಪದಲ್ಲಿ ಬ್ಯಾಂಡಿನ ದೈತ್ಯ ಬೊಂಬೆ ಎಡ್ಡಿ. ಧ್ವನಿಯ ಹೊಣೆ ಮಾರ್ಟಿನ್ ಬರ್ಚ್ ಅವರದು. 1972ರ ಆಗಸ್ಟಿನಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಒಸಾಕಾ, ಟೋಕಿಯೊ ಕಛೇರಿಗಳನ್ನು ‘ಮೇಡ್ ಇನ್ ಜಪಾನ್’ ಆಗಿ ಧ್ವನಿಮುದ್ರಿಸಿದ್ದೂ ಇದೇ ಬರ್ಚ್. ಆ ದಾಖಲೆ ಕೇಳಿದವರಿಗೆ ಅವರ ಕೈ ಯಾವುದೆಂದು ಗೊತ್ತಾಗುತ್ತದೆ: ಡ್ರಮ್ಸಿನ ಏಟು ಎದೆಗೆ ಬಡಿಯಬೇಕು, ಹಿಂದೆ ಜನ ಇದ್ದಾರೆ ಎಂಬುದು ಒಂದು ಕ್ಷಣವೂ ಮರೆತುಹೋಗಬಾರದು.

ಜನರ ಸದ್ದು ತಾನಾಗಿ ಬರುವುದಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ರಂಗದ ಮೇಲಿನ ಪ್ರತಿ ಮೈಕಿನಿಂದ ಬರುವ ಧ್ವನಿಯನ್ನು ಎರಡಾಗಿ ಸೀಳುತ್ತಾರೆ. ಒಂದು ಕವಲು ಮೈದಾನದ ಸ್ಪೀಕರುಗಳಿಗೆ ಹೋಗುತ್ತದೆ. ಇನ್ನೊಂದು ಹೊರಗೆ ನಿಂತ ಲಾರಿಯೊಳಗಿನ ಧ್ವನಿಮುದ್ರಣ ಯಂತ್ರಕ್ಕೆ. ಅಲ್ಲಿ ಗಾಯಕನ ಗಂಟಲು ಒಂದು ಪಟ್ಟಿಯಲ್ಲಿ (ಟ್ರ್ಯಾಕ್), ಪ್ರತಿ ಗಿಟಾರು ತನ್ನದೇ ಪಟ್ಟಿಯಲ್ಲಿ, ಡ್ರಮ್ಸಿಗಂತೂ ಒಂದೊಂದು ಡೋಲಿಗೂ ಬೇರೆ ಪಟ್ಟಿ. ಎಲ್ಲವೂ ಹೀಗೆ ಬೇರೆ ಬೇರೆ ಇದ್ದರೇನೇ ಆಮೇಲೆ ಹದ ಮಾಡಲು ಬರುತ್ತದೆ. ಆದರೆ ಮೈಕುಗಳೆಲ್ಲ ವಾದ್ಯದ ಬಾಯಿಗೇ ಅಂಟಿಕೊಂಡಿರುವುದರಿಂದ ಹತ್ತು ಸಾವಿರ ಜನ ಕೂಗಿದರೂ ಅವುಗಳಿಗೆ ಅಷ್ಟಾಗಿ ಕೇಳಿಸದು. ಅದಕ್ಕೆಂದು ಜನರ ಕಡೆಗೆ ಮುಖ ಮಾಡಿದ ಮೈಕುಗಳನ್ನು ಬೇರೆಯಾಗಿ ತೂಗುಬಿಡುತ್ತಾರೆ. ಆ ಮೈಕುಗಳ ಪಟ್ಟಿಯನ್ನು ತೆಗೆದು ಕೇಳಿದರೆ ಎಂಥ ಕಛೇರಿಯೂ ತಾಲೀಮಿನ ಕೋಣೆಯಲ್ಲಿ ನುಡಿಸಿದಂತೆ ಕೇಳುತ್ತದೆ.

ಬೆಳಕಿನ ಕಥೆಯೂ ಹೀಗೆಯೇ. ಮೈದಾನದಲ್ಲಿ ನಿಂತವರ ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುತ್ತದೆ, ಕೆಂಪು ಬೆಳಕಿನಲ್ಲೂ ಮುಖ ಗುರುತಿಸುತ್ತದೆ. ಕ್ಯಾಮೆರಾಕ್ಕೆ ಆ ಶಕ್ತಿ ಕಡಿಮೆ. ಹಳೆಯ ವಿಡಿಯೊ ಕ್ಯಾಮೆರಾಗಳಲ್ಲಿ ಕೆಂಪು ಬಣ್ಣ ಅಂಚು ಮೀರಿ ಹರಡಿ ಮುಖವೇ ಕರಗಿಹೋಗುತ್ತಿತ್ತು. ಹಾಗಾಗಿ ಚಿತ್ರೀಕರಣದ ರಾತ್ರಿ ಬಿಳಿ ಬೆಳಕು ಹೆಚ್ಚಿಸುತ್ತಾರೆ, ಜನರ ಮೇಲೂ ಒಂದಿಷ್ಟು ಚೆಲ್ಲುತ್ತಾರೆ. ಟಿಕೆಟ್ಟು ಕೊಂಡು ಬಂದವನಿಗೆ ಇದರಿಂದ ಕಿರಿಕಿರಿ. ಅವನ ಮತ್ತು ರಂಗದ ನಡುವೆ ಹಳಿಯ ಮೇಲೆ ಓಡುವ ಕ್ಯಾಮೆರಾ ಬೇರೆ. ಮನೆಯಲ್ಲಿ ಕುಳಿತ ನಮ್ಮ ಸುಖಕ್ಕೆ ಅವನು ಸ್ವಲ್ಪ ಸುಂಕ ತೆರುತ್ತಾನೆ ಎಂದೇ ಹೇಳಬೇಕು.

ಒಂದೇ ರಾತ್ರಿಯ ಚಿತ್ರೀಕರಣ ನಂಬಿ ಕೂರುವವರು ಕಡಿಮೆ. ತಂತಿ ಹರಿಯಬಹುದು, ಸರಿಯಾದ ಕ್ಷಣಕ್ಕೆ ಕ್ಯಾಮೆರಾ ಬೇರೆಲ್ಲೋ ನೋಡುತ್ತಿರಬಹುದು. ಅದಕ್ಕೇ ಎರಡು-ಮೂರು ರಾತ್ರಿ ಒಂದೇ ಊರಿನಲ್ಲಿ, ಒಂದೇ ಉಡುಪಿನಲ್ಲಿ ನುಡಿಸಿ ಎಲ್ಲವನ್ನೂ ಬೆಸೆಯುವುದು ವಾಡಿಕೆ. ಹಲವು ರಾತ್ರಿ ಚಿತ್ರೀಕರಿಸಿಯೂ ತುಣುಕುಗಳು ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಡ್ ಜೆಪ್ಲಿನ್ ಬ್ಯಾಂಡು ಸಾಕ್ಷಿ. 1973ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಛೇರಿಗಳನ್ನು ಚಿತ್ರೀಕರಿಸಿದರು. ಕೊನೆಗೆ ನೋಡಿದರೆ ಹಲವು ಹಾಡುಗಳ ನಡುವೆ ಚಿತ್ರವೇ ಇಲ್ಲ. ಮರುವರ್ಷ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ಅದೇ ರಂಗವನ್ನು ಮತ್ತೆ ಕಟ್ಟಿ, ಜನರೇ ಇಲ್ಲದೆ ಬ್ಯಾಂಡಿನವರು ನುಡಿಸಿದಂತೆ ಅಭಿನಯಿಸಿದರು. ಅಷ್ಟರಲ್ಲಿ ಬ್ಯಾಂಡಿನ ಜಾನ್ ಪಾಲ್ ಜೋನ್ಸ್ ತಲೆಗೂದಲು ಕತ್ತರಿಸಿಕೊಂಡಿದ್ದ. ಅವನಿಗೆ ವಿಗ್ಗು ತೊಡಿಸಬೇಕಾಯಿತು. 1976ರಲ್ಲಿ ತೆರೆಕಂಡ ‘ದ ಸಾಂಗ್ ರಿಮೇನ್ಸ್ ದ ಸೇಮ್’ ಚಿತ್ರದಲ್ಲಿ ಕಣ್ಣಿಟ್ಟು ನೋಡಿದರೆ ಆ ವಿಗ್ಗು ಈಗಲೂ ಸಿಕ್ಕಿಬೀಳುತ್ತದೆ.

ಧ್ವನಿಯಲ್ಲೂ ಇಂಥ ವಿಗ್ಗುಗಳುಂಟು, ಅವು ಕಾಣುವುದಿಲ್ಲ ಅಷ್ಟೆ. ಥಿನ್ ಲಿಜ್ಜಿ ಬ್ಯಾಂಡಿನ 1978ರ ‘ಲೈವ್ ಆ್ಯಂಡ್ ಡೇಂಜರಸ್’ ದಾಖಲೆಯ ಮುಕ್ಕಾಲು ಪಾಲು ಸ್ಟುಡಿಯೊದಲ್ಲಿ ಮತ್ತೆ ನುಡಿಸಿದ್ದು ಎಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು. ಮುಕ್ಕಾಲು ಪಾಲು ಕಛೇರಿಯದೇ ಎಂದು ಬ್ಯಾಂಡಿನ ಕಡೆಯವರ ವಾದ. ಜಗಳ ಇಂದಿಗೂ ಬಗೆಹರಿದಿಲ್ಲ. ‘ಲೈವ್ ಆಫ್ಟರ್ ಡೆತ್’ಗೆ ಸ್ಟುಡಿಯೊದ ತೇಪೆ ಹಾಕಬಾರದೆಂಬುದು ಹ್ಯಾರಿಸ್ ಹಠವಾಗಿತ್ತು. ಗಾಯಕ ಬ್ರೂಸ್ ಡಿಕಿನ್ಸನ್ ಆ ದೊಡ್ಡ ಪ್ರವಾಸದಲ್ಲಿ ದಣಿದಿದ್ದ, ಕೆಲವು ಕಡೆ ಅದು ಕೇಳಿಸುತ್ತದೆ. ನನಗೆ ಆ ದಣಿವೂ ಇಷ್ಟ. ನಸುಕಿನ ನಾಲ್ಕು ಗಂಟೆಗೆ ಡೊಳ್ಳಿನ ಮೇಳದ ಮುಮ್ಮೇಳದವನ ಗಂಟಲು ಒಡೆದಾಗ ಹಿಮ್ಮೇಳದವರು ಪದ ಎತ್ತಿಕೊಳ್ಳುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ.

ಹ್ಯಾರಿಸ್ ಸ್ವತಃ ಕತ್ತರಿ ಹಿಡಿದದ್ದು ‘ಮೇಡನ್ ಇಂಗ್ಲೆಂಡ್’ಗೆ. 1988ರ ನವೆಂಬರ್ 27 ಮತ್ತು 28ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕಛೇರಿ, ಮರುವರ್ಷ ವಿಎಚ್‌ಎಸ್ ಕ್ಯಾಸೆಟ್ಟಾಗಿ ಬಂತು. ನಿರ್ದೇಶನ, ಸಂಕಲನ ಎರಡೂ ಅವನವೇ. ಮಂದಿಯ ನಡುವೆ ನಿಂತ ಅಭಿಮಾನಿಗೆ ಕಛೇರಿ ಹೇಗೆ ಕಾಣುತ್ತದೋ ಹಾಗೆ ವಿಡಿಯೊ ಕಾಣಬೇಕು ಎಂಬುದು ಅವನ ಆಸೆ. ಒಂದು ಕೊರತೆ ಮಾತ್ರ ಉಳಿದಿತ್ತು: ಕೊನೆಯಲ್ಲಿ ಜನ ಕೂಗಿ ಕೂಗಿ ಮತ್ತೆ ಕರೆಸಿದ ಮೇಲೆ ನುಡಿಸುವ ಹಾಡುಗಳು ಆ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಅವನ್ನು ಕಾಣಲು ಅಭಿಮಾನಿಗಳು 2013ರ ಡಿವಿಡಿಯವರೆಗೆ ಕಾಯಬೇಕಾಯಿತು. 

ಮತ್ತೆ 2001ರ ಜನವರಿ 19ರಂದು ಬ್ರೆಜಿಲಿನ ರಾಕ್ ಇನ್ ರಿಯೊ ಉತ್ಸವದಲ್ಲಿ ಸುಮಾರು ಎರಡೂವರೆ ಲಕ್ಷ ಜನರೆದುರು ನುಡಿಸಿದಾಗ ಚಿತ್ರೀಕರಿಸಿದವರು ಡೀನ್ ಕಾರ್. ಮೊದಲ ಸಂಕಲನ ಒಪ್ಪಿಗೆಯಾಗದೆ ಹ್ಯಾರಿಸ್ ಪುನಃ ತಾನೇ ಕುಳಿತ. 2002ರಲ್ಲಿ ಬಂದ ಆ ಡಿವಿಡಿ ಇಂದಿಗೂ ಈ ಬ್ಯಾಂಡಿನ ಅಭಿಮಾನಿಗಳ ಮೊದಲ ಆಯ್ಕೆಗಳಲ್ಲೊಂದು. ಒಂದು ತಕರಾರು ಹೇಳಲೇಬೇಕು. ಚಿತ್ರ ಪದೇ ಪದೇ ತುಂಡಾಗುತ್ತದೆ. ಒಂದು ಗಿಟಾರಿನ ಬೆರಳಾಟ ಹಿಡಿಸುವಷ್ಟರಲ್ಲಿ ಕಣ್ಣೆದುರು ಬೇರೆ ಮುಖ. ಮೂವರು ಗಿಟಾರಿನವರು, ಡೇವ್ ಮರ್ರಿ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್. ಯಾರನ್ನೂ ಬಿಡಬಾರದು ಎಂಬ ದಾಕ್ಷಿಣ್ಯವೋ ಏನೋ.

ಈ ವಿಷಯದಲ್ಲಿ ನಮ್ಮ ಹಾಡ್ಕಿ ವಿಡಿಯೊಗಳೇ ವಾಸಿ. ಒಂದೇ ಕ್ಯಾಮೆರಾ, ಒಂದು ಟ್ರೈಪಾಡು, ಕಟ್ಟೆಯ ಎದುರು ನಟ್ಟರೆ ಮುಗಿಯಿತು. ಸವಾಲು ಹಾಕಿದವನು ಕುಳಿತ ಮೇಲೂ ಅವನ ಮುಖ ಚೌಕಟ್ಟಿನಲ್ಲಿಯೇ ಇರುತ್ತದೆ. ಎದುರಾಳಿಯ ಜವಾಬು ತಟ್ಟಿದ್ದು, ಅವನು ತಲೆ ಕೆರೆದುಕೊಂಡದ್ದು, ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ್ದು ಎಲ್ಲ ಸಿಗುತ್ತದೆ. ಇಪ್ಪತ್ತು ಕ್ಯಾಮೆರಾ ಇಟ್ಟವರು ಆಯ್ಕೆ ಮಾಡುವ ಭರದಲ್ಲಿ ಇಂಥವನ್ನು ಕಳೆದುಕೊಳ್ಳುತ್ತಾರೆ. ಧ್ವನಿಯಲ್ಲಿ ಮಾತ್ರ ನಮ್ಮವರು ಸೋಲುತ್ತಾರೆ. ಡೊಳ್ಳಿನ ಏಟಿಗೆ ಕ್ಯಾಮೆರಾದ ಪುಟ್ಟ ಮೈಕು ತಾಳಲಾರದೆ ಸದ್ದು ಒಡೆಯುತ್ತದೆ, ಪದದ ಅರ್ಧ ಶಬ್ದಗಳು ಅದರಲ್ಲಿ ಮುಳುಗಿಹೋಗುತ್ತವೆ.

ಮುಂಬೈಯ ಕಛೇರಿಗೆ ಬರೋಣ. 2008ರ ಆ ಪ್ರವಾಸಕ್ಕಾಗಿ ಬ್ಯಾಂಡಿನವರು ಬೋಯಿಂಗ್ 757 ವಿಮಾನವೊಂದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಬ್ಯಾಂಡು, ಕೆಲಸದವರು, 12 ಟನ್ ಸಾಮಾನು ಎಲ್ಲ ಅದರಲ್ಲಿಯೇ. ಅದನ್ನು ಹಾರಿಸಿದವನು ಗಾಯಕ ಡಿಕಿನ್ಸನ್. ಅವನು ಪರವಾನಗಿ ಪಡೆದ ವಿಮಾನ ಚಾಲಕ. 45 ದಿನದಲ್ಲಿ 23 ಕಛೇರಿ, 50,000 ಮೈಲಿ, ಮೊದಲ ನಿಲ್ದಾಣವೇ ಮುಂಬೈ. ರಂಗದ ಮೇಲೆ ಲಾಂಗ್ ಬೀಚಿನ ವಿಡಿಯೊದಲ್ಲಿ ಕಂಡ ಅದೇ ಈಜಿಪ್ಟಿನ ಮಾದರಿ. ಚಿತ್ರೀಕರಿಸಲು ಜೊತೆಗೆ ಹೋದವರು ಕೆನಡಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡ್ಯನ್. ಡನ್ ಮಾನವಶಾಸ್ತ್ರ ಓದಿದವರು. ಭಾರತವೂ ಸೇರಿ ಹಲವು ದೇಶಗಳ ಮೆಟಲ್ ಪ್ರಿಯರ ಬಗ್ಗೆ ‘ಗ್ಲೋಬಲ್ ಮೆಟಲ್’ ಎಂಬ ಚಿತ್ರವನ್ನೂ ಮಾಡಿದವರು.

ಅವರ ‘ಫ್ಲೈಟ್ 666’ 2009ರಲ್ಲಿ ಬಂತು. ಡಿವಿಡಿಯ ಎರಡನೆಯ ತಟ್ಟೆಯಲ್ಲಿ ಇಡೀ ಕಛೇರಿಯ ಹಾಡುಗಳಿವೆ, ಒಂದೊಂದು ಹಾಡೂ ಒಂದೊಂದು ಊರಿನದು. ಮೊದಲ ಹಾಡು ‘ಏಸಸ್ ಹೈ’ ಮುಂಬೈಯದು. ಒಂದು ರಾತ್ರಿಯ ಕಛೇರಿ ಎಂಬ ನಂಬಿಕೆಯನ್ನೇ ಬಿಟ್ಟುಕೊಟ್ಟ ಈ ಉಪಾಯ ನನಗೆ ಪ್ರಾಮಾಣಿಕವೆನಿಸುತ್ತದೆ. ವಿಗ್ಗು ತೊಡಿಸುವ ಗೋಜೇ ಇಲ್ಲ. ಮೊದಲ ತಟ್ಟೆಯ ಸಾಕ್ಷ್ಯಚಿತ್ರದಲ್ಲಿ ರಂಗಕ್ಕಿಂತ ಹೊರಗಿನದೇ ಹೆಚ್ಚು. ಐವತ್ತರ ಆಸುಪಾಸಿನ ಗಂಡಸರು ವಿಮಾನದಲ್ಲಿ ನಿದ್ದೆಗೆ ಒದ್ದಾಡುತ್ತಾರೆ, ಗಾಲ್ಫ್ ಆಡಲು ಹೋಗುತ್ತಾರೆ. ಕೋಸ್ಟರಿಕಾದಲ್ಲಿ ಡ್ರಮ್ಸಿನ ನಿಕೊ ಮೆಕ್‌ಬ್ರೇನ್ ಮಣಿಕಟ್ಟಿಗೆ ಗಾಲ್ಫ್ ಚೆಂಡು ಬಡಿದು ಎಲ್ಲರ ಜೀವ ಹಾರಿಹೋಗುತ್ತದೆ. ಕೊಲಂಬಿಯಾದ ಬೊಗೊಟಾದಲ್ಲಿ ಕಛೇರಿ ಮುಗಿದ ಮೇಲೆ, ಮೆಕ್‌ಬ್ರೇನ್ ಎಸೆದ ಡ್ರಮ್ಸಿನ ಕೋಲೊಂದನ್ನು ಹಿಡಿದು ಅಭಿಮಾನಿಯೊಬ್ಬ ಮಾತಿಲ್ಲದೆ ಅಳುತ್ತ ನಿಲ್ಲುತ್ತಾನೆ. ಎರಡೂ ತಟ್ಟೆಗಳಲ್ಲಿ ಬ್ಯಾಂಡಿನವರ ಮುಖ ಇಲ್ಲದ ಆ ತುಣುಕೇ ನನ್ನ ಮಟ್ಟಿಗೆ ಅತಿ ದೊಡ್ಡದು.

ನೋಡಬೇಕೆಂದಿರುವವರಿಗೆ ನನ್ನ ಸಲಹೆ: ‘ಫ್ಲೈಟ್ 666’ರಿಂದ ಶುರು ಮಾಡಿ. ಹಾಡು ಹಿಡಿಸದಿದ್ದರೂ ಕಥೆ ಹಿಡಿಸುತ್ತದೆ. ಆಮೇಲೆ ‘ಲೈವ್ ಆಫ್ಟರ್ ಡೆತ್’. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಗಿಟಾರು ಅದರಲ್ಲಿ ಕೇಳಿಸುವುದೇ ಇಲ್ಲ, ಬೇಸ್ ಇಲ್ಲದೆ ಈ ಬ್ಯಾಂಡಿನಲ್ಲಿ ಉಳಿಯುವುದು ಅರ್ಧ. ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಸಾವೊ ಪಾಲೊದ ಕಛೇರಿಯೊಂದಿಗೆ ಪ್ರವಾಸದಿಂದ ನಿವೃತ್ತರಾದರು, ಹಾಗಾಗಿ ಆ ಕೂಟವನ್ನು ಕಾಣಲು ಈಗ ವಿಡಿಯೊ ಬಿಟ್ಟರೆ ದಾರಿಯಿಲ್ಲ.

ಇನ್ನು ಇಂಡಿ, ಸಿಂದಗಿ ಕಡೆ ಹಾಡ್ಕಿ ಚಿತ್ರೀಕರಿಸುವ ಹುಡುಗರಿಗೂ ಒಂದು ಮಾತು. ಟ್ರೈಪಾಡು ಅಲ್ಲಾಡಿಸಬೇಡಿ, ತುಂಡು ಮಾಡಬೇಡಿ, ಅದು ಇದ್ದ ಹಾಗೆಯೇ ಚಂದ. ಹಾಡುವವರ ಧ್ವನಿಯನ್ನು ಆ್ಯಂಪ್ಲಿಫೈಯರಿನಿಂದ ನೇರ ವೈರು ಹಾಕಿ ತೆಗೆದುಕೊಳ್ಳಿ. ಕುಳಿತ ಮಂದಿಯ ಕಡೆ ಮುಖ ಮಾಡಿ ಇನ್ನೊಂದು ಮೈಕು ಇಡಿ. ಒಂದು ಸ್ಟ್ಯಾಂಡು, ಇಪ್ಪತ್ತು ಮೀಟರ್ ವೈರು, ಅಷ್ಟೇ ಖರ್ಚು.