ಎಂಟು ಗಂಟೆಯ ಗಿರಾಕಿ: ಷಾರ್ಲಟ್ ಅಮಾಲೀ ಬಂದರಿನ ಒಂದು ದಿನ

ಬೆಳಿಗ್ಗೆ ಎಂಟರ ಹೊತ್ತಿಗೆ ಹಡಗು ಧಕ್ಕೆಗೆ ತಾಗುತ್ತದೆ. ಸಂಜೆ ಐದರ ಸುಮಾರಿಗೆ ಹಗ್ಗ ಬಿಚ್ಚುತ್ತದೆ. ಪ್ರಯಾಣಿಕನು ಅದಕ್ಕಿಂತ ಅರ್ಧ ಗಂಟೆ ಮೊದಲೇ ಹಡಗಿನೊಳಗೆ ಇರತಕ್ಕದ್ದು. ಅವನ ಊಟ, ನಿದ್ರೆ, ಮನರಂಜನೆ ಎಲ್ಲಕ್ಕೂ ಹಡಗಿನ ಕಂಪನಿಗೆ ಮುಂಗಡವಾಗಿಯೇ ಹಣ ಸಂದಾಯವಾಗಿದೆ. ಆದ್ದರಿಂದ ದಡದ ಹೋಟೆಲಿನವನಿಗೆ ಅವನಿಂದ ಕೋಣೆಯ ಬಾಡಿಗೆ ಬರುವುದಿಲ್ಲ. ಹೊಟ್ಟೆ ತುಂಬಿದ, ಕೈಯಲ್ಲಿ ಗಡಿಯಾರವಿರುವ, ಮತ್ತೆ ಈ ಊರಿಗೆ ಬರುವ ಖಾತ್ರಿಯಿಲ್ಲದ ಇಂತಹ ಗಿರಾಕಿಯನ್ನು ನಂಬಿ ಒಂದು ಪಟ್ಟಣವೇ ಬದುಕಬಲ್ಲದೆ? ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿರುವ ಷಾರ್ಲಟ್ ಅಮಾಲೀ ಪಟ್ಟಣ ಹಾಗೆ ಬದುಕುತ್ತಿದೆ. 2020ರ ಜನಗಣತಿಯ ಪ್ರಕಾರ ದ್ವೀಪದ ಜನಸಂಖ್ಯೆ 42,261. ಇಂದಿನ ಅತಿ ದೊಡ್ಡ ಹಡಗುಗಳಾದರೋ ಒಂದೊಂದೂ 5,000ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತು ತರುತ್ತವೆ. ಚಳಿಗಾಲದ ಹಂಗಾಮಿನಲ್ಲಿ ಇಂತಹ ಹಲವು ಹಡಗುಗಳು ಒಂದೇ ದಿನ ಬಂದು ನಿಲ್ಲುವುದುಂಟು.

ಈ ಊರಿನ ವ್ಯಾಪಾರವನ್ನು ಅರಿಯಲು ಮೊದಲು ಅದರ ಸುಂಕದ ಇತಿಹಾಸವನ್ನು ನೋಡಬೇಕು. 1672ರಲ್ಲಿ ಡೆನ್ಮಾರ್ಕಿನ ಕಂಪನಿಯೊಂದು ಇಲ್ಲಿ ನೆಲೆಯೂರಿತು. ಸಕ್ಕರೆ ಬೆಳೆಗೆ ಅಷ್ಟಾಗಿ ಒಗ್ಗದ ಗುಡ್ಡಗಾಡಿನ ನೆಲ. ಆದರೆ ಬಂದರು ಮಾತ್ರ ಆಳವಾದದ್ದು, ಗಾಳಿಯಿಂದ ರಕ್ಷಿತವಾದದ್ದು. ಆದ್ದರಿಂದ ಡೇನರು ಬೆಳೆಗಿಂತ ವಹಿವಾಟನ್ನೇ ಹಿಡಿದರು. ಹದಿನೆಂಟನೆಯ ಶತಮಾನದಲ್ಲಿ ಇದು ಸುಂಕಮುಕ್ತ ಬಂದರಾಯಿತು. ಸಕ್ಕರೆ, ರಮ್, ಬಟ್ಟೆಗಳೊಂದಿಗೆ ಮನುಷ್ಯರನ್ನೂ ಇಲ್ಲಿ ಕೊಂಡು ಮಾರಿದರೆಂಬುದನ್ನು ಮರೆಯುವಂತಿಲ್ಲ. 1917ರಲ್ಲಿ ಅಮೆರಿಕ ದೇಶವು 2.5 ಕೋಟಿ ಡಾಲರ್ ಮೌಲ್ಯದ ಚಿನ್ನ ಕೊಟ್ಟು ಈ ದ್ವೀಪಗಳನ್ನು ಖರೀದಿಸಿತು. ಆದರೂ ಇವು ಇಂದಿಗೂ ಅಮೆರಿಕದ ಸುಂಕದ ಗಡಿಯ ಹೊರಗೇ ಉಳಿದಿವೆ. ಬಾವುಟ ಬದಲಾಯಿತು, ಅಂಗಡಿಯ ಸೌಕರ್ಯ ಬದಲಾಗಲಿಲ್ಲ.

ಆ ಸೌಕರ್ಯದ ಫಲ ಇಂದು ಒಂದು ಅಂಕಿಯಲ್ಲಿ ಅಡಗಿದೆ. ಇತರ ಬಹುತೇಕ ದೇಶಗಳಿಂದ ಮರಳುವ ಅಮೆರಿಕದ ನಿವಾಸಿ 800 ಡಾಲರ್ ಮೌಲ್ಯದ ಸರಕನ್ನು ಸುಂಕವಿಲ್ಲದೆ ಒಯ್ಯಬಹುದಾದರೆ, ಇಲ್ಲಿಂದ ಒಯ್ಯುವ ಮಿತಿ 1,600 ಡಾಲರ್. ಒಂದೇ ಮನೆಯವರು ತಮ್ಮ ಮಿತಿಗಳನ್ನು ಕೂಡಿಸಿಕೊಳ್ಳಲೂ ಅವಕಾಶವಿದೆ. ದಂಪತಿಗಳಿಗೆ 3,200 ಆಯಿತು. ಇಷ್ಟು ದೊಡ್ಡ ಮಿತಿಯನ್ನು ಎಂಟು ಗಂಟೆಯೊಳಗೆ, ಕೈಚೀಲದಲ್ಲಿ ಹಿಡಿಯುವಂತೆ ಬಳಸಬಲ್ಲ ಸರಕು ಯಾವುದು? ಒಡವೆ, ಕೈಗಡಿಯಾರ, ಮದ್ಯ, ಸುಗಂಧದ್ರವ್ಯ. ಪಟ್ಟಣದ ಮುಖ್ಯ ಬೀದಿಯ ಸಾಲು ಸಾಲು ವಜ್ರದ ಅಂಗಡಿಗಳಿಗೆ ಇದೇ ಕಾರಣ. ಅವುಗಳಲ್ಲಿ ಹಲವು ಭಾರತೀಯ ಮೂಲದ, ಅದರಲ್ಲೂ ಸಿಂಧಿ ಕುಟುಂಬಗಳ ಒಡೆತನದಲ್ಲಿವೆ.

ಲೆಕ್ಕ ಬಲ್ಲವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿನಾಯಿತಿ ಇರುವುದು ಸುಂಕಕ್ಕೇ ಹೊರತು ಬೆಲೆಗಲ್ಲ. ಬಿಡಿ ವಜ್ರಕ್ಕೆ ಅಮೆರಿಕದಲ್ಲಿ ದೀರ್ಘಕಾಲ ಆಮದು ಸುಂಕವೇ ಇರಲಿಲ್ಲ. ಇಲ್ಲದ ಸುಂಕದ ವಿನಾಯಿತಿಯಿಂದ ಗಿರಾಕಿಗೆ ದೊರೆಯುವುದೇನು? ನಿಜವಾದ ಉಳಿತಾಯ ಬರುವುದು ಮಾರಾಟ ತೆರಿಗೆ ಇಲ್ಲದಿರುವುದರಿಂದ. (ತವರಿಗೆ ಮರಳಿದ ಮೇಲೆ ಬಹುತೇಕ ರಾಜ್ಯಗಳಲ್ಲಿ ಬಳಕೆ ತೆರಿಗೆ ಸಲ್ಲಿಸಬೇಕೆಂಬ ನಿಯಮವಿದ್ದರೂ ಅದನ್ನು ನೆನಪಿಡುವ ಪ್ರವಾಸಿಗರು ಅಪರೂಪ.) ಅಂಗಡಿಯವನಿಗಾದರೋ ತೆರಿಗೆ ತಪ್ಪಿಲ್ಲ. ಅವನ ಒಟ್ಟು ವಹಿವಾಟಿನ ಮೇಲೆ ಶೇ. 5ರ ತೆರಿಗೆಯಿದೆ, ಅದು ಲಾಭದ ಮೇಲಲ್ಲ, ಬಂದ ಹಣದ ಮೇಲೆ. ನಷ್ಟದ ವರ್ಷದಲ್ಲಿಯೂ ಅದನ್ನು ಕಟ್ಟಲೇಬೇಕು. ಹೀಗಾಗಿ ಚೀಟಿಯಲ್ಲಿ ಬರೆದ ಬೆಲೆಯನ್ನು ಚೌಕಾಸಿಗೆ ಮೊದಲ ಮಾತು ಎಂದಷ್ಟೇ ತಿಳಿಯುವುದು ಕ್ಷೇಮ. ತನ್ನ ಊರಿನ ಬೆಲೆಯನ್ನು ಮೊದಲೇ ತಿಳಿದುಕೊಂಡು ಬಂದವನಿಗೆ ಮಾತ್ರ ಇಲ್ಲಿ ಲಾಭ.

ಧಕ್ಕೆಯಿಂದ ಪೇಟೆಯವರೆಗೆ

ಹಡಗುಗಳು ನಿಲ್ಲುವ ಸ್ಥಳಗಳು ಎರಡು: ಪೂರ್ವಕ್ಕೆ ಹ್ಯಾವೆನ್‌ಸೈಟ್, ಪಶ್ಚಿಮಕ್ಕೆ ಕ್ರೌನ್ ಬೇ. ಹ್ಯಾವೆನ್‌ಸೈಟಿನಿಂದ ಹಳೆಯ ಪೇಟೆಗೆ ಸುಮಾರು ಎರಡೂವರೆ ಕಿಲೋಮೀಟರ್. ನೀರಿನಂಚಿನಲ್ಲೇ ನಡೆದು ಹೋಗಬಹುದು. ಇಲ್ಲವೇ ಲಾರಿಯ ಮೇಲೆ ಬೆಂಚುಗಳ ಸಾಲು ಜೋಡಿಸಿ ಮೇಲೊಂದು ಚಾವಣಿ ಹೊದಿಸಿದ ‘ಸಫಾರಿ’ ಟ್ಯಾಕ್ಸಿಗಳಿವೆ. ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಅದು ತಲೆಯೊಂದಕ್ಕೆ ಇಷ್ಟೆಂದು, ವಾಹನಕ್ಕೆ ಇಷ್ಟೆಂದಲ್ಲ. ನಮ್ಮವರಿಗೆ ಕುತೂಹಲದ ಸಂಗತಿಯೆಂದರೆ, ಅಮೆರಿಕದ ಬಾವುಟದಡಿ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವುದು ಈ ದ್ವೀಪಸಮೂಹದಲ್ಲಿ ಮಾತ್ರ. ಆದರೆ ಚಾಲಕನ ಚಕ್ರವೂ ಎಡಕ್ಕೇ ಇರುತ್ತದೆ!

ಈ ಎರಡೂವರೆ ಕಿಲೋಮೀಟರೇ ಪೇಟೆಯ ವರ್ತಕನ ಜೀವಾಳ. ಧಕ್ಕೆಯ ಪಕ್ಕದಲ್ಲೇ ಅಂಗಡಿಗಳ ಸಂಕೀರ್ಣವಿದೆ. ಅಲ್ಲಿಯೇ ತಿರುಗಾಡಿ ಹಡಗಿಗೆ ಮರಳುವ ಗಿರಾಕಿ ಪೇಟೆಯ ಪಾಲಿಗೆ ಇಲ್ಲವಾದಂತೆಯೇ. ಇನ್ನು ಪೇಟೆಗೆ ಹೋಗುವವನೂ ತನ್ನ ದಾರಿಯನ್ನು ತಾನೇ ಆರಿಸುತ್ತಾನೆಂದು ಹೇಳುವಂತಿಲ್ಲ. ಹಿಂದಿನ ದಿನವೇ ಹಡಗಿನಲ್ಲಿ ‘ಖರೀದಿ ಮಾರ್ಗದರ್ಶಕ’ರ ಉಪನ್ಯಾಸ ನಡೆದಿರುತ್ತದೆ, ಕೈಗೆ ನಕಾಶೆ ಬಂದಿರುತ್ತದೆ. ಅದರಲ್ಲಿ ಗುರುತು ಮಾಡಿದ ಶಿಫಾರಸಿನ ಅಂಗಡಿಗಳು ಆ ಗುರುತಿಗಾಗಿ ಹಣ ಕೊಟ್ಟಿರುತ್ತವೆ. ಅದಕ್ಕೆ ಪ್ರತಿಯಾಗಿ ಗಿರಾಕಿಗೆ ಸರಕಿನ ಮೇಲೊಂದು ಖಾತರಿ ದೊರೆಯುತ್ತದೆಂಬುದೂ ನಿಜ. ಮತ್ತೆ ಬಾರದ ಊರಿನಲ್ಲಿ ಖಾತರಿಗೆ ಬೆಲೆಯಿದೆ. ಆದರೆ ಆ ಖರ್ಚು ಕೊನೆಗೆ ಸರಕಿನ ಬೆಲೆಯಲ್ಲೇ ಸೇರುತ್ತದೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಚಿತ ಪದಕ ಕೊಡುತ್ತೇವೆಂದು ಕರೆಯುವ ಚೀಟಿಯೂ ಇದೇ ಜಾತಿಯದು.

ದಡದ ವಿಹಾರಗಳ ಲೆಕ್ಕವೂ ಹೀಗೆಯೇ. ಗುಡ್ಡದಾಚೆಯ ಮೇಗೆನ್ಸ್ ಬೇ ಎಂಬ ಮರಳತೀರ, ಕೋಕಿ ಪಾಯಿಂಟಿನ ಕೋರಲ್ ವರ್ಲ್ಡ್ ಎಂಬ ಕಡಲಜೀವಿಗಳ ಉದ್ಯಾನ, ಪಕ್ಕದ ಸೇಂಟ್ ಜಾನ್ ದ್ವೀಪ ಇವು ಮುಖ್ಯವಾದವು. ಸೇಂಟ್ ಜಾನ್‌ನ ಅರ್ಧಕ್ಕಿಂತ ಹೆಚ್ಚು ಭಾಗ 1956ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ; ರೆಡ್ ಹುಕ್ ಎಂಬಲ್ಲಿಂದ ದೋಣಿ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದ ದಾರಿ. ಇವುಗಳನ್ನು ಹಡಗಿನಲ್ಲೇ ಟಿಕೆಟ್ ಕೊಂಡೂ ನೋಡಬಹುದು, ತಾನೇ ಟ್ಯಾಕ್ಸಿ ಹಿಡಿದೂ ನೋಡಬಹುದು. ಎರಡನೆಯದರಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಆದರೂ ಬಹುಮಂದಿ ಮೊದಲನೆಯದನ್ನೇ ಆರಿಸಲು ಒಂದು ಷರತ್ತು ಕಾರಣ: ತಾನು ಮಾರಿದ ವಿಹಾರ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವನಿಗೆ ಕಾಯುವುದಿಲ್ಲ. ಪ್ರಯಾಣಿಕನ ಈ ಒಂದು ಭಯವೇ ಹಡಗಿನ ಕಂಪನಿಗೆ ದೊಡ್ಡ ಬಂಡವಾಳ. ಹಡಗಿನಲ್ಲಿ ತೆತ್ತ ಟಿಕೆಟಿನ ಹಣದಲ್ಲಿ ಗಣನೀಯ ಪಾಲು ಕಂಪನಿಗೇ ಉಳಿದು, ಮಿಕ್ಕದ್ದು ಮಾತ್ರ ದೋಣಿ ನಡೆಸುವ ಸ್ಥಳೀಯನ ಕೈ ಸೇರುತ್ತದೆ. ಡೀಸೆಲ್, ಸಂಬಳ, ವಿಮೆಗಳೆಲ್ಲ ಆ ಮಿಕ್ಕದ್ದರಲ್ಲೇ ನಡೆಯಬೇಕು.

ಹಾಗಾದರೆ ಪೇಟೆಗೆ ತನ್ನದೇ ಆದದ್ದು ಏನಿದೆ? ಬೇಕಾದಷ್ಟಿದೆ. ಡ್ರೋನಿಂಗೆನ್ಸ್ ಗೇಡ್, ಎಂದರೆ ರಾಣಿಯ ಬೀದಿ ಎಂಬ ಡೇನಿಷ್ ಹೆಸರನ್ನು ಇಂದಿಗೂ ಹೊತ್ತಿರುವ ಮುಖ್ಯ ಬೀದಿಯ ಒಡವೆ ಅಂಗಡಿಗಳೆಲ್ಲ ಹಿಂದೆ ಉಗ್ರಾಣಗಳಾಗಿದ್ದವು. ಹಡಗಿನ ಸಮತೋಲಕ್ಕಾಗಿ ಭಾರ ಹೇರಿ ತಂದ ಇಟ್ಟಿಗೆಗಳಿಂದ ಕಟ್ಟಿದ ದಪ್ಪ ಗೋಡೆಗಳು, ಕಮಾನಿನ ಬಾಗಿಲುಗಳು. ಸರಕು ದೋಣಿಯಿಂದ ನೇರವಾಗಿ ಒಳಗೆ ಉರುಳಿ ಬರಲೆಂದು ಅವುಗಳನ್ನು ಬೀದಿಯಿಂದ ನೀರಿನಂಚಿನವರೆಗೂ ಉದ್ದಕ್ಕೆ ಕಟ್ಟಿದ್ದರು. ನಡುವಿನ ಓಣಿಗಳಲ್ಲಿ ನಡೆದರೆ ಹಳೆಯ ವ್ಯಾಪಾರದ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಇದೇ ಬೀದಿಯಲ್ಲಿ ವರ್ತಕರ ಮನೆಯಲ್ಲಿ 1830ರಲ್ಲಿ ಹುಟ್ಟಿದ ಹುಡುಗನೊಬ್ಬ ತಂದೆಯ ಅಂಗಡಿಯ ಕೆಲಸಕ್ಕೆ ಒಗ್ಗಲಿಲ್ಲ. ಮುಂದೆ ಪ್ಯಾರಿಸಿನಲ್ಲಿ ಕಮೀಲ್ ಪಿಸಾರೊ ಎಂಬ ಹೆಸರಾಂತ ಚಿತ್ರಕಾರನಾದ. ಆ ಕುಟುಂಬ ಯಹೂದಿ ಸಮುದಾಯಕ್ಕೆ ಸೇರಿದ್ದು. ಅವರ ಪ್ರಾರ್ಥನಾಮಂದಿರದ 1833ರ ಕಟ್ಟಡ ಗುಡ್ಡದ ಇಳಿಜಾರಿನಲ್ಲಿ ಇಂದಿಗೂ ಇದೆ. ಅದರ ನೆಲಕ್ಕೆ ಹಾಸಿರುವುದು ಮರಳು.

ಕೆಂಪು ಬಣ್ಣದ ಕ್ರಿಶ್ಚಿಯನ್ ಕೋಟೆಯ ಬಳಿ ವಿಮೋಚನಾ ಉದ್ಯಾನವಿದೆ. ಈ ದ್ವೀಪಗಳ ಗುಲಾಮರು ಬಿಡುಗಡೆ ಹೊಂದಿದ್ದು 1848ರ ಜುಲೈ 3ರಂದು. ಒಂದು ಕಾಲದಲ್ಲಿ ಗುಲಾಮರನ್ನು ಮಾರುತ್ತಿದ್ದ ಚೌಕ ಮುಂದೆ ತರಕಾರಿ ಸಂತೆಯಾಯಿತು. ಗುಡ್ಡ ಹತ್ತುವ ‘ತೊಂಬತ್ತೊಂಬತ್ತು ಮೆಟ್ಟಿಲು’ಗಳನ್ನು ಎಣಿಸಿದವರು ಲೆಕ್ಕ ನೂರು ದಾಟುತ್ತದೆ ಎನ್ನುತ್ತಾರೆ. ಇವುಗಳಲ್ಲಿ ಬಹುತೇಕ ನೋಟಗಳಿಗೆ ಹಣ ಬೇಕಿಲ್ಲ. ಆದರೆ ಮೆಟ್ಟಿಲು ಹತ್ತಿ ಇಳಿದವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ. ಮೀನು ಅಥವಾ ಮಾಂಸ ತುಂಬಿ ಕರಿದ ಪಾಟೆ ಎಂಬ ತಿಂಡಿ ಮಾರುವವಳಿಗೆ ಆಗ ಗಿರಾಕಿ ಸಿಗುತ್ತಾನೆ. ಹಡಗಿನ ನಕಾಶೆಯಲ್ಲಿ ಅವಳ ಹೆಸರಿರುವುದಿಲ್ಲ.

ಕೋಟೆಯ ಪಕ್ಕದ ಡೇರೆಗಳ ಸಂತೆಯಲ್ಲಿ ಟೋಪಿ, ಅಂಗಿ, ಮಣಿಸರಗಳು ಸಿಗುತ್ತವೆ. ಹೆಚ್ಚಿನವು ಹೊರಗಿನಿಂದ ತಂದವು. ನಿಜವಾಗಿ ಈ ನೆಲದ್ದೆನ್ನಬಹುದಾದ ಸರಕು ಬೇ ರಮ್. ಸ್ಥಳೀಯ ಮರವೊಂದರ ಎಲೆಯಿಂದ ಮಾಡುವ, ಕ್ಷೌರದ ನಂತರ ಹಚ್ಚಿಕೊಳ್ಳುವ ಈ ಪರಿಮಳದ್ರವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಎ. ಎಚ್. ರೀಸ್ ಎಂಬ ಡೇನಿಷ್ ಔಷಧ ವ್ಯಾಪಾರಿ ಹೊರದೇಶಗಳಿಗೂ ಮಾರಿದ. 1838ರಲ್ಲಿ ಆತ ತೆರೆದ ಅಂಗಡಿಯ ಹೆಸರು ಇಂದಿಗೂ ಮುಖ್ಯ ಬೀದಿಯಲ್ಲಿ ಉಳಿದಿದೆ.

ನವಮಂಗಳೂರು ಬಂದರಿಗೂ ಪ್ರವಾಸಿ ಹಡಗುಗಳು ಬರುತ್ತವೆಂಬುದನ್ನು ನಮ್ಮ ವರ್ತಕರು ಬಲ್ಲರು. ಅಲ್ಲಿ ಇಳಿದವರು ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕುದ್ರೋಳಿ ದೇವಸ್ಥಾನಕ್ಕೆ, ಗೋಡಂಬಿ ಕಾರ್ಖಾನೆಗೆ ಹೋಗಿಬರುತ್ತಾರೆ. ಸಂಖ್ಯೆಯಲ್ಲಿ ಕೆರಿಬಿಯನ್ನಿಗೆ ಹೋಲಿಕೆಯೇ ಇಲ್ಲ. ಆದರೆ ಬಸ್ಸು ಯಾರದು, ಅದು ಎಲ್ಲಿ ನಿಲ್ಲುತ್ತದೆ, ನಿಲ್ಲಿಸಲು ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆಗಳು ಇಲ್ಲಿಗೂ ಅನ್ವಯಿಸುತ್ತವೆ.

ಕಂಪನಿಯ ಸ್ವಂತ ದಡ

ಷಾರ್ಲಟ್ ಅಮಾಲೀಯ ವರ್ತಕ ಎರಡು ಆಘಾತಗಳನ್ನು ಕಂಡಿದ್ದಾನೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಮತ್ತು ಮರಿಯಾ ಚಂಡಮಾರುತಗಳು ಒಂದರ ಹಿಂದೊಂದು ಬಡಿದವು. ನವೆಂಬರಿನಲ್ಲಿ ಹಡಗುಗಳು ಮರಳತೊಡಗಿದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ನಿಂತ ಸಂಚಾರ ಮತ್ತೆ ಆರಂಭವಾದದ್ದು 2021ರಲ್ಲಿ. ಇವೆರಡೂ ಬಂದು ಹೋದ ಕಷ್ಟಗಳು. ಮೂರನೆಯದು ಮಾತ್ರ ಹೋಗುವಂಥದ್ದಲ್ಲ: ಹಡಗಿನ ಕಂಪನಿಗಳು ತಮ್ಮದೇ ದಡಗಳನ್ನು ಕಟ್ಟುತ್ತಿವೆ. ಬಹಾಮಾಸ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿಯು ಕೊಕೊಕೇ ದ್ವೀಪವನ್ನು 2019ರಲ್ಲಿ ಹೊಸದಾಗಿ ಸಜ್ಜುಗೊಳಿಸಿತು. ಅದೇ ವರ್ಷ ಎಂಎಸ್‌ಸಿ ಕಂಪನಿಯ ಓಷನ್ ಕೇ ತೆರೆಯಿತು. 2025ರ ಜುಲೈಯಲ್ಲಿ ಗ್ರ್ಯಾಂಡ್ ಬಹಾಮಾ ದ್ವೀಪದಲ್ಲಿ ಕಾರ್ನಿವಲ್ ಕಂಪನಿಯ ಸೆಲೆಬ್ರೇಶನ್ ಕೀ ಆರಂಭವಾಯಿತು. ಅಲ್ಲಿ ಮರಳೂ ಕಂಪನಿಯ ಹಿಡಿತದ್ದು, ಪಾನೀಯದ ಕಟ್ಟೆಯೂ ಅದರದೇ. ಹಡಗಿನಲ್ಲಿ ಬರೆದ ಖಾತೆ ದಡದಲ್ಲೂ ಮುಂದುವರಿಯುತ್ತದೆ. ಗಿರಾಕಿ ಹಡಗಿನಿಂದ ಇಳಿದರೂ ಗಲ್ಲಾಪೆಟ್ಟಿಗೆಯಿಂದ ಹೊರಗೆ ಹೋಗಿರುವುದಿಲ್ಲ. ಅಂತಹ ದಡದಲ್ಲಿ ಕಳೆಯುವ ಒಂದೊಂದು ದಿನವೂ ಯಾವುದೋ ಹಳೆಯ ಬಂದರಿಗೆ ಸಿಗದೆ ಹೋದ ದಿನವಾಗಬಹುದು. ಹೊಸ ದಡಗಳಿಗೆ ಕೋಟೆಯನ್ನಾಗಲಿ, ಇನ್ನೂರು ವರ್ಷದ ಉಗ್ರಾಣವನ್ನಾಗಲಿ ಕಟ್ಟಿಕೊಳ್ಳಲಾಗದು ಎಂಬುದೊಂದೇ ಪೇಟೆಯ ಪರವಾಗಿ ಉಳಿದಿರುವ ಬಲ. ಸುಂಕದ ವಿನಾಯಿತಿಯಾದರೋ ವಾಷಿಂಗ್ಟನ್ನಿನ ಒಂದು ಶಾಸನದ ಕೈಯಲ್ಲಿದೆ.

ಯಾವ ದಿನ ಯಾವ ಹಡಗು ಎಂಬ ಪಟ್ಟಿ ಬಹಳ ಮುಂಚಿತವಾಗಿ ಪ್ರಕಟವಾಗುತ್ತದೆ. ವರ್ತಕರು ಅದನ್ನು ನೋಡಿಕೊಂಡೇ ಕೆಲಸಗಾರರ ಪಾಳಿಯನ್ನು, ದಾಸ್ತಾನನ್ನು ಗೊತ್ತುಮಾಡುತ್ತಾರೆ. ಸಂಜೆ ನಾಲ್ಕಕ್ಕೆ ಬೀದಿ ತೆಳುವಾಗುತ್ತದೆ, ಸಫಾರಿ ಟ್ಯಾಕ್ಸಿಗಳು ಧಕ್ಕೆಯ ಕಡೆಗೆ ತುಂಬಿ ಹೋಗುತ್ತವೆ, ಐದರ ಹೊತ್ತಿಗೆ ಉಗ್ರಾಣಗಳ ಬಾಗಿಲುಗಳು ಮುಚ್ಚತೊಡಗುತ್ತವೆ. ಪಟ್ಟಿಯಲ್ಲಿ ಮರುದಿನ ಹಡಗಿಲ್ಲವೆಂದರೆ ಅವುಗಳಲ್ಲಿ ಕೆಲವು ಬೆಳಿಗ್ಗೆ ತೆರೆಯುವುದೇ ಇಲ್ಲ.