ರಂಗೋಲಿ ಹುಳು: ಹೆಸರೂ ಅದರ ಅರ್ಥವೂ

ಟೊಮೇಟೊ, ಹುರುಳಿಕಾಯಿ, ಸೌತೆ ಮೊದಲಾದ ತರಕಾರಿಗಳ ಎಲೆಗಳಲ್ಲಿ ಬಿಳಿಯ ವಕ್ರರೇಖೆಗಳು ಕಾಣುವುದುಂಟು. ಇವನ್ನುಂಟುಮಾಡುವ ಕೀಟಕ್ಕೆ ಕನ್ನಡದಲ್ಲಿ ರಂಗೋಲಿ ಹುಳುವೆಂದು ಹೆಸರು. ರಂಗೋಲಿಯು ರಂಗವಲ್ಲಿಯೆಂಬುದರ ರೂಪಾಂತರವು, ವಲ್ಲಿಯೆಂದರೆ ಬಳ್ಳಿ. ಬಳ್ಳಿಯಂತೆ ಬಳುಕುವ ಗೆರೆಗೆ ಈ ಹೆಸರು ಆಕಾರದಿಂದ ಒಪ್ಪುವುದು. ಆದರೆ ರಂಗವಲ್ಲಿಯನ್ನು ನೆಲದ ಮೇಲೆ ಇಡುವರು. ಈ ಗೆರೆಯಾದರೋ ಎಲೆಯ ಮೇಲಿರದೆ ಒಳಗಿರುವುದು. ಈ ಭೇದವನ್ನರಿಯದಿದ್ದರೆ ಬೆಳೆಗೆ ಮಾಡುವ ಚಿಕಿತ್ಸೆಯೂ ವಿಪರೀತವಾಗುವುದು.

11ನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವನ್ನು ನಿರೂಪಿಸಿರುವನು. ಆದರೆ ಈ ಕೀಟವು ಆಗ ನಮ್ಮ ದೇಶದ್ದಾಗಿರಲಿಲ್ಲ. ಲಿರಿಯೊಮೈಜಾ ಟ್ರೈಫೋಲಿಯೈ ಎಂದು ಶಾಸ್ತ್ರಜ್ಞರು ಕರೆಯುವ ಇದರ ಮೂಲವು ಅಮೆರಿಕ ಖಂಡ. ಭಾರತದಲ್ಲಿ ಇದು ಕಂಡುಬಂದುದು 1990ರ ದಶಕದ ಆದಿಯಲ್ಲಿ.

ಹುಳುವೆಂಬುದು ವಸ್ತುತಃ ಒಂದು ನೊಣದ ಮರಿ. ನೊಣವು ಹಳದಿಯೂ ಕಪ್ಪೂ ಬೆರೆತುದು. ಉದ್ದವು 2 ಮಿಲಿಮೀಟರಿನಷ್ಟು. ಹೆಣ್ಣುನೊಣವು ಎಲೆಯನ್ನು ಅಲ್ಲಲ್ಲಿ ಚುಚ್ಚಿ, ಕೆಲವು ರಂಧ್ರಗಳಲ್ಲಿ ಮೊಟ್ಟೆಯಿಡುವುದು, ಉಳಿದವುಗಳಿಂದ ರಸವನ್ನು ಹೀರುವುದು. ಮೊಟ್ಟೆಯೊಡೆದ ಮರಿಯು ಎಲೆಯ ಎರಡು ಪೊರೆಗಳ ನಡುವಣ ಹಸುರು ತಿರುಳನ್ನು ತಿನ್ನುತ್ತ ಮುಂದುವರಿಯುವುದು. ಮರಿಯು ಬೆಳೆದಂತೆ ಗೆರೆಯೂ ಅಗಲವಾಗುವುದು. ಆದುದರಿಂದ ಕಿರಿದಾದ ತುದಿಯು ಗೆರೆಯ ಆದಿ, ಅಗಲವಾದ ತುದಿಯು ಅಂತ್ಯ. ಒಳಗೆ ಕಾಣುವ ಕಪ್ಪು ಎಳೆಯು ಹುಳುವಿನ ಮಲ. ಸುಮಾರು ಒಂದು ವಾರದಲ್ಲಿ ಮರಿಯು ಎಲೆಯನ್ನು ಸೀಳಿ ಹೊರಬಿದ್ದು, ಸಾಮಾನ್ಯವಾಗಿ ಮಣ್ಣಿನಲ್ಲಿ ಕೋಶವಾಗುವುದು.

ತಾಳೆಗರಿಯನ್ನು ಓದುವವನು ಮೊದಲು ಆದ್ಯಂತಗಳನ್ನು ಗೊತ್ತುಮಾಡಿಕೊಳ್ಳುವಂತೆ ಬೆಳೆಗಾರನೂ ಈ ಗೆರೆಯನ್ನು ಓದಬೇಕು. ಅಗಲವಾದ ತುದಿಯಲ್ಲಿ ಹುಳುವಿಲ್ಲದೆ ಸೀಳು ಮಾತ್ರವಿದ್ದರೆ, ಕಳ್ಳನು ಹೊರಟುಹೋಗಿರುವನು. ಆ ಎಲೆಗೆ ವಿಷವನ್ನು ಎರಚುವುದು ವ್ಯರ್ಥ. ವ್ಯರ್ಥವಷ್ಟೇ ಅಲ್ಲ, ಅನರ್ಥಕರವೂ ಹೌದು. ಏಕೆಂದರೆ ಈ ಹುಳುವನ್ನು ಹುಡುಕಿ ಅದರ ಬಳಿಯಲ್ಲಿಯೋ ದೇಹದಲ್ಲಿಯೋ ಮೊಟ್ಟೆಯಿಟ್ಟು ಕೊಲ್ಲುವ ಸಣ್ಣ ಕಣಜಗಳುಂಟು. ಎಲೆಯೊಳಗೆ ಅಡಗಿದ ಹುಳುವು ಅನೇಕ ವಿಷಗಳಿಂದ ಪಾರಾಗುವುದು. ಹೊರಗೆ ಹಾರಾಡುವ ಕಣಜವು ಸಾಯುವುದು. ನೊಣವಾದರೋ ಬಹು ವಿಷಗಳನ್ನು ಸಹಿಸುವ ಶಕ್ತಿಯನ್ನು ಪಡೆದಿರುವುದು. ಹೀಗೆ ವೈದ್ಯನೇ ರೋಗಕ್ಕೆ ಸಹಾಯಕನಾಗುವನು.

ಬೆಳೆದ ಗಿಡವು ಕೆಲವು ಗೆರೆಗಳನ್ನು ತಾಳಿಕೊಳ್ಳಬಲ್ಲುದು. ಎಳೆಯ ಸಸಿಯು ಬಾಡುವುದು, ಸೊಪ್ಪಿನ ಬೆಳೆಯು ಮಾರಾಟಕ್ಕೆ ಬಾರದಾಗುವುದು. ಸಸಿಯಲ್ಲಿ ಗೆರೆ ಬಿದ್ದ ಮೊದಲ ಎಲೆಗಳನ್ನು ಕಿತ್ತು ನಾಶಮಾಡುವುದು, ಬೇವಿನ ಬೀಜದ ಕಷಾಯವನ್ನು ಸಿಂಪಡಿಸುವುದು, ಅಂಟು ಬಳಿದ ಹಳದಿ ಹಲಗೆಗಳಿಂದ ನೊಣಗಳನ್ನು ಹಿಡಿಯುವುದು, ಇವು ಯುಕ್ತವಾದ ಉಪಾಯಗಳು.

ಇದೇ ಕೀಟಕ್ಕೆ ಎಲೆ ಸುರಂಗ ಕೀಟವೆಂಬ ಹೆಸರೂ ಉಂಟು. ಮೊದಲನೆಯದು ಆಕಾರವನ್ನೂ ಎರಡನೆಯದು ಸ್ಥಾನವನ್ನೂ ಹೇಳುವುವು. ನಿಘಂಟುಕಾರರು ಎರಡನ್ನೂ ಸೇರಿಸಿಕೊಂಡು ಪರಸ್ಪರ ಸೂಚಿಸುವುದು ಲೇಸು. ಒಂದನ್ನೇ ಅರಿತವನ ಅರಿವು ಅರ್ಧವಾಗಿ ಉಳಿಯುವುದು.